ಹನ್ನೊಂದು ಸಾಲು, ಹದಿನಾಲ್ಕು ಹೊದಿಕೆ

ಕೆಂಪುಗುಡ್ಡದ ಚಿನ್ನದ ಗಣಿಯಲ್ಲಿ ಇಪ್ಪತ್ತಾರು ಸುರಂಗಗಳು, ಒಂದೊಂದರ ಬಾಯಲ್ಲೂ ಒಂದೊಂದು ಉಸಿರುಗಾವಲು. ನೆಲದಿಂದ ಮೂರೂವರೆ ಕಿಲೋಮೀಟರ್ ಕೆಳಗೆ, ಬಂಡೆಯೇ ಬಿಸಿನೀರಿನ ಹಂಡೆಯಂತೆ ಕಾದಿರುವ ಆಳದಲ್ಲಿ, ಊಟದ ಡಬ್ಬಿಯಷ್ಟು ದೊಡ್ಡದಾದ ಈ ಪೆಟ್ಟಿಗೆ ಐದು ಸೆಕೆಂಡಿಗೊಮ್ಮೆ ಒಂದೇ ಪ್ರಶ್ನೆಗೆ ಉತ್ತರ ಹೇಳುತ್ತಿತ್ತು: ಇಲ್ಲಿ ಮನುಷ್ಯ ಉಸಿರಾಡಬಹುದೇ? ಹೌದೆಂದರೆ ಹಸಿರು ದೀಪ ಉರಿದು ಕಬ್ಬಿಣದ ಬಾಗಿಲು ತೆರೆಯುತ್ತಿತ್ತು. ಇಲ್ಲವೆಂದರೆ ಕೆಂಪು ದೀಪ ಉರಿದು ಹೊರಗಿನವರಿಗೆ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಒಳಗಿದ್ದವರನ್ನು ಕೂಗಿ ಕರೆಯುವ ಗಂಟೆ ಬಾರಿಸುತ್ತಿತ್ತು. ಅದು ಬಂದ ಮೇಲೆ ಹದಿನೈದು ವರ್ಷ ಕೆಂಪುಗುಡ್ಡದಲ್ಲಿ ಗಾಳಿಯಿಂದ ಯಾರೂ ಸತ್ತಿರಲಿಲ್ಲ. ಆಯುಧಪೂಜೆಯ ದಿನ ಕಾರ್ಮಿಕರು ಕೊರೆಯುವ ಯಂತ್ರಗಳಿಗಿಂತ ಮೊದಲು ಅದಕ್ಕೇ ಕುಂಕುಮ ಹಚ್ಚುತ್ತಿದ್ದರು.

ಹದಿನಾರನೆಯ ವರ್ಷದ ಒಂದು ಬೆಳಿಗ್ಗೆ ಹತ್ತೊಂಬತ್ತನೆಯ ಸುರಂಗದಲ್ಲಿ ಮೂವರು ಸತ್ತರು. ಅವರು ಹಸಿರು ದೀಪದ ಕೆಳಗೇ ಒಳಗೆ ಹೋಗಿದ್ದರು.

ಉಸಿರುಗಾವಲಿನ ಕ್ರಮವಿಧಿಯನ್ನು, ಅಂದರೆ ಅದರೊಳಗಿನ ಪ್ರೋಗ್ರಾಮನ್ನು, ನೋಡಿಕೊಳ್ಳುತ್ತಿದ್ದವಳು ವಾರಿಜಾ ಹಂಚಿನಾಳ. ಐವತ್ಮೂರು ವರ್ಷ, ಒಬ್ಬಂಟಿ, ಭೌತವಿಜ್ಞಾನ ಓದಿದವಳು, ಮಾತು ಕಡಿಮೆ. ಸಾವು ಸಂಭವಿಸಿದ ಮಧ್ಯಾಹ್ನವೇ ಅವಳು ಪೆಟ್ಟಿಗೆಯ ದಾಖಲೆಯನ್ನು ತೆಗೆದು ವಿಚಾರಣೆಯವರಿಗೆ ಕೊಟ್ಟಿದ್ದಳು. ದಾಖಲೆ ಸ್ವಚ್ಛವಾಗಿತ್ತು. ಬೆಳಿಗ್ಗೆ ಒಂಬತ್ತು ಐವತ್ತರವರೆಗೆ ಐದು ಸೆಕೆಂಡಿಗೊಂದು ‘ಹೌದು’. ಒಂಬತ್ತು ಐವತ್ತಕ್ಕೆ ‘ಇಲ್ಲ’. ಸತ್ತವರ ಮಣಿಕಟ್ಟಿನ ಪಟ್ಟಿಗಳ ಪ್ರಕಾರ ಮೂರು ಹೃದಯಗಳೂ ಒಂಬತ್ತು ಮೂವತ್ತರ ಆಸುಪಾಸಿನಲ್ಲಿ ನಿಂತಿದ್ದವು. ಅಂದರೆ ಅವರು ಸಾಯುವಾಗ ಸುರಂಗದ ಬಾಯಲ್ಲಿ ಗಾಳಿ ಚೆನ್ನಾಗಿಯೇ ಇತ್ತು.

ಹಾಗಾದರೆ ಸತ್ತದ್ದು ಹೇಗೆ? ಸುರಂಗದ ಕೊನೆಯಲ್ಲಿ ಹಲಗೆ ಬಡಿದು ಮುಚ್ಚಿದ ಒಂದು ಗೋಡೆ ಇತ್ತು. ಅದರ ಆಚೆ ಹಳೆಯ ಕಾಲದ ಸುರಂಗ, ನಿಂತ ನೀರು, ಆಮ್ಲಜನಕವಿಲ್ಲದ ಗಾಳಿ. ಬಣ್ಣವಿಲ್ಲ, ವಾಸನೆಯಿಲ್ಲ, ಕಾರ್ಮಿಕರು ಅದನ್ನು ಸತ್ತಗಾಳಿ ಎನ್ನುತ್ತಾರೆ. ಗೋಡೆಯ ಒಂದು ಹಲಗೆ ಮುರಿದು ಬಿದ್ದಿತ್ತು. ತಂಡದ ಮುಖಂಡ ಅಮರೇಶ ಹಳೆಯ ಸುರಂಗದಲ್ಲಿ ಉಳಿದ ಅದಿರಿನ ಆಸೆಗೆ ಹಲಗೆ ಕಿತ್ತ, ತಾನೂ ಸತ್ತ, ತನ್ನ ಜೊತೆಗಿದ್ದ ಮೌಲಾಸಾಬ ಮತ್ತು ತಿಮ್ಮಣ್ಣರನ್ನೂ ಕೊಂದ. ಸತ್ತಗಾಳಿ ನಿಧಾನವಾಗಿ ಹರಿದು ಒಂಬತ್ತು ಐವತ್ತಕ್ಕೆ ಬಾಗಿಲು ಮುಟ್ಟಿತು. ವಿಚಾರಣೆಯ ಕರಡು ವರದಿ ಹೇಳಿದ್ದು ಇಷ್ಟು. ಅಂತಿಮ ವರದಿಗೆ ಆರು ದಿನ ಉಳಿದಿತ್ತು.

ಅಮರೇಶನ ಹೆಂಡತಿ ಹುಲಿಗೆಮ್ಮ ಗಣಿಯ ದೀಪದ ಕೋಣೆಯಲ್ಲಿ ಕೆಲಸಕ್ಕಿದ್ದಳು. ಇಳಿಯುವ ಪ್ರತಿಯೊಬ್ಬನಿಗೂ ತಲೆದೀಪ ಮತ್ತು ಅವನ ಸಂಖ್ಯೆ ಕೊರೆದ ಹಿತ್ತಾಳೆ ಬಿಲ್ಲೆ ಕೊಡುವುದು, ಹೊತ್ತು ಬರೆದುಕೊಳ್ಳುವುದು, ಮೇಲೆ ಬಂದಾಗ ಬಿಲ್ಲೆ ವಾಪಸು ಪಡೆದು ಮತ್ತೆ ಹೊತ್ತು ಬರೆಯುವುದು, ಇದು ಅವಳ ಕೆಲಸ. ಅದರ ಜೊತೆ ಒಂಬತ್ತು ವರ್ಷದಿಂದ ಸಾಮಾನು ಕೊಠಡಿಯ ಬೀಗದ ಕೈಯೂ ಅವಳ ಬಳಿಯೇ. ಕೆಂಪುಗುಡ್ಡದಲ್ಲಿ ಒಂದು ಕಟ್ಟಳೆ ಇತ್ತು. ಕೆಲಸದಲ್ಲಿ ಸತ್ತವನ ಬಿಲ್ಲೆಯನ್ನು ಇಳಿಬಾವಿಯ ಬಾಯಲ್ಲಿರುವ ಕರಿಮರದ ಹಲಗೆಗೆ ಮೊಳೆ ಹೊಡೆದು ಕೂರಿಸುತ್ತಾರೆ. ಇಳಿಯುವವರು ಅದನ್ನು ಮುಟ್ಟಿ ಇಳಿಯುತ್ತಾರೆ. ತನ್ನ ತಪ್ಪಿನಿಂದ ಸತ್ತು ಬೇರೆಯವರನ್ನೂ ಕೊಂದವನ ಬಿಲ್ಲೆಯನ್ನು ಕರಗಿಸಿ ಬೇರೆ ಸಂಖ್ಯೆ ಕೊರೆಯುತ್ತಾರೆ. ಅಮರೇಶನ ಬಿಲ್ಲೆ ಮುನ್ನೂರ ಹದಿನೆಂಟು. ಅದು ವಿಚಾರಣೆಯವರ ಮೇಜಿನ ಮೇಲೆ ಒಂದು ಲಕೋಟೆಯಲ್ಲಿತ್ತು.

ವರದಿಯ ಸುದ್ದಿ ಕಾಲೊನಿಗೆ ಮೊದಲೇ ಹಬ್ಬಿತ್ತು. ಹುಲಿಗೆಮ್ಮನ ಪಕ್ಕದ ಮನೆ ಮೌಲಾಸಾಬನದು. ಅವನ ತಾಯಿ ಬಿಯಾಮಾ ಹನ್ನೊಂದು ವರ್ಷ ನಡುಗೋಡೆಯ ಮೇಲಿಂದ ಸಾರಿನ ಬಟ್ಟಲು ದಾಟಿಸಿದವಳು. ಈಗ ಅವಳು ನಲ್ಲಿಯ ಹತ್ತಿರ ಹುಲಿಗೆಮ್ಮನನ್ನು ಕಂಡರೆ ಅರ್ಧ ತುಂಬಿದ ಕೊಡವನ್ನೇ ಎತ್ತಿಕೊಂಡು ಹೋಗುತ್ತಿದ್ದಳು.

ಹುಲಿಗೆಮ್ಮ ತನ್ನ ಪಾಳಿ ಮುಗಿಸಿ ಮಧ್ಯಾಹ್ನ ಮೂರಕ್ಕೆ ವಾರಿಜಾಳ ಕೋಣೆಗೆ ಬಂದಳು. ಕಂಕುಳಲ್ಲಿ ಒಂದು ದಪ್ಪ ರಿಜಿಸ್ಟರ್. ಅಳಲಿಲ್ಲ. ಕೂತುಕೊಳ್ಳಲು ಹೇಳಿದರೂ ಕೂರಲಿಲ್ಲ.

“ಅಕ್ಕಾರ, ಒಂದು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಆ ಪೆಟಿಗಿ ಅವತ್ತು ಖರೇನ ಮೂಸಿ ನೋಡಿತ್ತೇನ್ರಿ?”

ಐದು ಸೆಕೆಂಡಿಗೊಮ್ಮೆ ಉತ್ತರ ಬಂದಿದೆ ಎಂದು ವಾರಿಜಾ ತಾಳ್ಮೆಯಿಂದ ಹೇಳಿದಳು.

“ಉತ್ತರ ಬಂದದ್ದು ಗೊತ್ತೈತ್ರಿ. ಮೂಸಿತೇನು ಅಂತ ಕೇಳಿದೆ.” ಹುಲಿಗೆಮ್ಮ ರಿಜಿಸ್ಟರನ್ನು ಮೇಜಿನ ಮೇಲೆ ಬಿಡಿಸಿಟ್ಟಳು. ಅದು ಬಿಲ್ಲೆಗಳದಲ್ಲ, ಸಾಮಾನು ಕೊಠಡಿಯದು. “ಮೂಗು ಕೊಡಾಕಿ ನಾನ. ಮೂರೂವರೆ ತಿಂಗಳಿಗೊಂದು ಮೂಗು, ಒಂದೊಂದು ಪೆಟಿಗಿಗೂ. ಏಳು ವರ್ಷ ಕೊಟ್ಟೀನಿ, ಸಹಿ ನೋಡ್ರಿ. ಈಗ ಎರಡು ವರ್ಷ ಆತು, ಒಂದೂ ಯಾರೂ ಕೇಳಿಲ್ಲ. ಕಪಾಟಿನಾಗ ಧೂಳು ತಿನ್ನಾಕತ್ತಾವು. ದಿನಾ ಮೂಸೋ ಮೂಗು ಸವೀದ ಹೆಂಗ ಇರ್ತೈತಿ?”

ವಾರಿಜಾ ರಿಜಿಸ್ಟರಿನ ಹಾಳೆ ತಿರುಗಿಸಿದಳು. ಕೊನೆಯ ಸಹಿಯ ಕೆಳಗೆ ಖಾಲಿ ಗೆರೆಗಳು.

ಇಲ್ಲಿ ಉಸಿರುಗಾವಲಿನ ಒಳಗನ್ನು ಸ್ವಲ್ಪ ವಿವರಿಸಬೇಕು. ಪೆಟ್ಟಿಗೆಯ ಮೂಗು ಎಂದರೆ ಉಗುರಿನಷ್ಟು ಅಗಲದ ಒಂದು ರಾಸಾಯನಿಕ ಪೊರೆ. ಗಾಳಿ ಸೋಕಿದಾಗ ಅದರ ವಿದ್ಯುತ್ ಗುಣ ಬದಲಾಗುತ್ತದೆ; ಪ್ರತಿ ಸೋಕಿಗೂ ಪೊರೆ ಒಂದಿಷ್ಟು ಸವೆಯುತ್ತದೆ. ಆ ಬದಲಾವಣೆಯನ್ನು ಅಳೆದು ಹೌದು, ಇಲ್ಲ ಎಂದು ತೀರ್ಮಾನಿಸುವುದು ಪೈಥಾನ್ ಭಾಷೆಯಲ್ಲಿ ಬರೆದ ಹನ್ನೊಂದು ಸಾಲಿನ ಒಂದು ಫಂಕ್ಷನ್. ಅದನ್ನು ಕೆಂಪುಗುಡ್ಡದಲ್ಲಿ ‘ಮೂಲಕ್ರಿಯೆ’ ಎನ್ನುತ್ತಿದ್ದರು. ಭಾಷೆ ಬಹಳ ಹಳೆಯದು. ಆದರೆ ಜೀವರಕ್ಷಕ ಯಂತ್ರಗಳ ಕ್ರಮವಿಧಿಯನ್ನು ಶಾಲೆ ಕಲಿತ ಯಾರು ಬೇಕಾದರೂ ಓದುವಂತಿರಬೇಕು ಎಂದು ಕಾನೂನು ಅದನ್ನೇ ಉಳಿಸಿಕೊಂಡಿತ್ತು. ಮೂಲಕ್ರಿಯೆಯನ್ನು ಸುರಕ್ಷತಾ ಇಲಾಖೆ ಪರೀಕ್ಷಿಸಿ ಮುದ್ರೆ ಒತ್ತಿತ್ತು. ಆ ಮೇಲೆ ಅದರ ಒಂದು ಅಕ್ಷರ ಬದಲಿಸಬೇಕಾದರೂ ಹೊಸ ಒಪ್ಪಿಗೆಗೆ ಒಂದೂವರೆ ವರ್ಷ ಬೇಕು.

ಅಷ್ಟು ಕಾಯುವವರು ಯಾರು? ಹಾಗಾಗಿ ಕೆಂಪುಗುಡ್ಡದಲ್ಲಿ ಒಂದು ಪದ್ಧತಿ ಬೆಳೆಯಿತು: ಮೂಲವನ್ನು ಮುಟ್ಟಬೇಡ, ಮೇಲೆ ಹೊದಿಸು. ಪೈಥಾನಿನಲ್ಲಿ ಇದಕ್ಕೆ ಡೆಕೊರೇಟರ್ ಎಂದು ಹೆಸರು. ಇವರು ಹೊದಿಕೆ ಎಂದರು. ಒಂದು ಕ್ರಿಯೆಯನ್ನು ಹಾಗೆಯೇ ಒಳಗಿಟ್ಟು, ಅದಕ್ಕಿಂತ ಮೊದಲು ಒಂದಿಷ್ಟು, ಅದರ ನಂತರ ಒಂದಿಷ್ಟು ಕೆಲಸ ಸೇರಿಸಿ, ಹಳೆಯ ಹೆಸರಿನಲ್ಲೇ ಹೊಸದನ್ನು ಹೊರಗೆ ನಿಲ್ಲಿಸುವ ಉಪಾಯ. ಕರೆಯುವವನಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಹದಿನಾರು ವರ್ಷಗಳಲ್ಲಿ ಹನ್ನೊಂದು ಸಾಲುಗಳ ಮೇಲೆ ಹದಿನಾಲ್ಕು ಹೊದಿಕೆಗಳಾಗಿದ್ದವು. ಹೊದಿಕೆಗಳಿಗೆ ಮುದ್ರೆ ಇರಲಿಲ್ಲ. ಅವನ್ನು ಬದಲಿಸಲು ಒಂದು ಸಹಿ ಸಾಕಿತ್ತು, ಆ ಸಹಿ ವಾರಿಜಾಳದು. ಬದಲಾವಣೆಯ ಪಟ್ಟಿ ಬಂದಾಗಲೆಲ್ಲ ಅವಳು ಕೇಳುತ್ತಿದ್ದದ್ದು ಒಂದೇ ಮಾತು: “ಮುದ್ರೆ ಮುಟ್ಟಿಲ್ಲ ತಾನೆ?” ಇಲ್ಲ ಎಂದರೆ ಸಹಿ.

ಆ ಹದಿನಾಲ್ಕರಲ್ಲಿ ಎರಡನ್ನು ಅವಳೇ ಬರೆದಿದ್ದಳು. ಮೊದಲನೆಯದು ನೆನಪಿನ ಹೊದಿಕೆ. ಐದು ಸೆಕೆಂಡಿಗೊಮ್ಮೆ ಮೂಸಿದರೆ ಮೂಗು ಒಂಬತ್ತು ದಿನಕ್ಕೆ ಸವೆದುಹೋಗುತ್ತಿತ್ತು. ಆದ್ದರಿಂದ ಅವಳ ಹೊದಿಕೆ ಒಮ್ಮೆ ಮೂಲಕ್ರಿಯೆಯನ್ನು ಕೇಳಿ, ಉತ್ತರವನ್ನು ಅರವತ್ತು ಸೆಕೆಂಡು ನೆನಪಿಟ್ಟುಕೊಂಡು, ಅಷ್ಟು ಹೊತ್ತು ಅದನ್ನೇ ಹೇಳುತ್ತಿತ್ತು. ಒಂದು ನಿಮಿಷದಲ್ಲಿ ಗಾಳಿ ಕೊಲ್ಲುವಷ್ಟು ಕೆಡುವುದಿಲ್ಲ. ಲೆಕ್ಕ ಹಾಕಿಯೇ ಬರೆದಿದ್ದಳು. ಎರಡನೆಯದು ದಾಖಲೆಯ ಹೊದಿಕೆ, ಪ್ರತಿ ಉತ್ತರವನ್ನೂ ಬರೆದಿಡುವುದು. ತಪಾಸಣೆಯವರು ಐದು ಸೆಕೆಂಡಿಗೊಂದು ಸಾಲು ಬೇಕೆಂದದ್ದಕ್ಕೆ ಅದನ್ನು ನೆನಪಿನ ಹೊದಿಕೆಯ ಹೊರಗೆ ಹೊದಿಸಿದ್ದಳು. ಹೊರಗೆ ಕೂತವನಿಗೆ ಹೊಸ ಉತ್ತರವೂ ಒಂದೇ, ನೆನಪಿನ ಉತ್ತರವೂ ಒಂದೇ.

ಹುಲಿಗೆಮ್ಮನ ಎದುರಿಗೇ ವಾರಿಜಾ ಹೊದಿಕೆಗಳ ಕಡತ ತೆರೆದಳು. ನೆನಪಿನ ಹೊದಿಕೆಯ ಪಕ್ಕದ ಆವರಣದಲ್ಲಿ ಅರವತ್ತು ಇರಬೇಕಾದಲ್ಲಿ ಮೂರು ಸಾವಿರದ ಆರುನೂರು ಇತ್ತು. ಬದಲಾದದ್ದು ಇಪ್ಪತ್ತೆರಡು ತಿಂಗಳ ಹಿಂದೆ. ಕಾರಣ, ‘ಮೂಗುಗಳ ಬಳಕೆಯಲ್ಲಿ ಮಿತವ್ಯಯ’. ಮೂವತ್ತೊಂದು ಬದಲಾವಣೆಗಳ ಪಟ್ಟಿಯಲ್ಲಿ ಹತ್ತೊಂಬತ್ತನೆಯದು. ಕೆಳಗೆ ಅವಳದೇ ಸಹಿ.

ಪೆಟ್ಟಿಗೆ ಗಂಟೆಗೊಮ್ಮೆ ಮಾತ್ರ ಮೂಸುತ್ತಿತ್ತು. ಅಂದು ಎಂಟು ಐವತ್ತಕ್ಕೆ ಮೂಸಿ ಹೌದೆಂದಿದೆ. ಆಮೇಲೆ ಒಂದು ತಾಸು, ಮೂಗು ಮುಚ್ಚಿಕೊಂಡು, ಅದೇ ಹೌದನ್ನು ಹೇಳುತ್ತ ಕೂತಿದೆ. ಮೂವರು ಒಳಗೆ ಹೋದದ್ದು ಒಂಬತ್ತು ಇಪ್ಪತ್ತಕ್ಕೆ.

ವಾರಿಜಾಳಿಗೆ ಆ ಕ್ಷಣ ಕಡತ ಮುಚ್ಚಿ, ನೋಡಿ ಹೇಳುತ್ತೇನೆ ಎಂದು ಕಳಿಸಿಬಿಡುವ ದಾರಿ ಇತ್ತು. ಎದುರಿಗಿದ್ದವಳಿಗೆ ಪರದೆಯ ಮೇಲಿನದು ಅರ್ಥವಾಗಿರಲಿಲ್ಲ. ಅವಳು ಆ ದಾರಿಯನ್ನು ನೋಡಿದಳು ಕೂಡ, ಎಷ್ಟು ಹೊತ್ತು ಎಂಬುದು ಅವಳಿಗೇ ತಿಳಿಯಲಿಲ್ಲ. ಆಮೇಲೆ ಹೇಳಿದಳು. ತನ್ನ ಸಹಿಯ ವಿಷಯವನ್ನೂ ಹೇಳಿದಳು.

ಹುಲಿಗೆಮ್ಮ ಕುರ್ಚಿ ಎಳೆದು ಕೂತಳು.

“ನಿಮ್ಮನ್ನ ಬೈಯಾಕ ಆಮ್ಯಾಲ ಬರ್ತೀನಿ,” ಎಂದಳು. “ಈಗ ಇದು ಏನಂತ ನನಗ ಕಲಿಸ್ರಿ. ವಿಚಾರಣಿಯಾಗ ನೀವು ಹೇಳಿದ್ರ, ತನ್ನ ತಪ್ಪು ಮುಚ್ಕೊಳ್ಳಾಕ ಯಂತ್ರದ ಮ್ಯಾಲೆ ಹಾಕ್ತಾಳ ಅಂತಾರ. ಇಲ್ಲಾ, ಹೆಣ್ಮಗಳಿಗೆ ಮರುಗಿ ಸುಳ್ಳು ಹೇಳ್ತಾಳ ಅಂತಾರ. ನಾನೂ ತಿಳಕೊಂಡು ಬಾಜೂಕ ನಿಲ್ಲತೀನಿ.”

ಆರು ದಿನಗಳಲ್ಲಿ ಐದು ದಿನ ಅವಳು ಮೂರು ಗಂಟೆಗೆ ಬಂದಳು. ಎಲ್ಲರಂತೆ ಅವಳೂ ಎಂಟನೆಯ ತರಗತಿಯಲ್ಲಿ ಪೈಥಾನ್ ಓದಿದ್ದಳು, ಎಲ್ಲರಂತೆ ಮರೆತಿದ್ದಳು. ವಾರಿಜಾ ಮೊದಲ ದಿನ ಕಡಲೆಬೇಳೆಯ ಹೂರಣ, ಕಣಕ ಎಂದೇನೋ ಹೋಲಿಕೆ ಕೊಡಲು ಹೋದಳು. ಹುಲಿಗೆಮ್ಮ ಅರ್ಧಕ್ಕೇ ತಡೆದಳು.

“ಅದ್ಯಾಕ್ರಿ ಹೋಳಿಗಿ. ಇಳಿಯೋದಕ್ಕಿಂತ ಮೊದಲ ಬಿಲ್ಲಿ ಕೊಟ್ಟು ಹೊತ್ತು ಬರೀತೀನಿ. ಬಂದ ಮ್ಯಾಲ ಬಿಲ್ಲಿ ತಗೊಂಡು ಹೊತ್ತು ಬರೀತೀನಿ. ನಡುವ ಅವ ಏನು ಕೆಲಸ ಮಾಡ್ತಾನ ಅಂತ ನಾ ಕೈಹಾಕೂದಿಲ್ಲ. ಹಂಗಾದ್ರ ನಾನೂ ಹೊದಿಕೀನ ಆದ್ನಲ್ರಿ.”

ಇಪ್ಪತ್ತು ವರ್ಷ ತರಬೇತಿ ಕೊಟ್ಟ ವಾರಿಜಾಳಿಗೆ ಇಷ್ಟು ನೇರವಾದ ವ್ಯಾಖ್ಯೆ ಸಿಕ್ಕಿರಲಿಲ್ಲ. ಅಲ್ಲಿಂದ ಮುಂದೆ ಪಾಠವೆಲ್ಲ ದೀಪದ ಕೋಣೆಯಲ್ಲೇ ನಡೆಯಿತು ಎನ್ನಬೇಕು. ಹೊದಿಕೆ ಎಂಬುದೂ ಒಂದು ಫಂಕ್ಷನ್ನೇ. ಅದು ಇನ್ನೊಂದು ಫಂಕ್ಷನ್ನನ್ನು ಕೈಗೆ ತೆಗೆದುಕೊಳ್ಳುತ್ತದೆ, ಸಂಖ್ಯೆಯನ್ನೋ ಹೆಸರನ್ನೋ ತೆಗೆದುಕೊಂಡಂತೆ. ತನ್ನೊಳಗೆ ಒಂದು ಹೊಸ ಫಂಕ್ಷನ್ ಕಟ್ಟುತ್ತದೆ: ಮೊದಲು ಮಾಡುವುದು, ಒಳಗಿನದನ್ನು ಕರೆಯುವುದು, ಅದರ ಉತ್ತರ ಹಿಡಿದಿಟ್ಟುಕೊಳ್ಳುವುದು, ನಂತರ ಮಾಡುವುದು, ಉತ್ತರವನ್ನು ಹೊರಗೆ ಕೊಡುವುದು. ಕೊನೆಗೆ ಆ ಹೊಸದನ್ನು ಕರೆಯದೆ, ಇಡಿಯಾಗಿ ಕೈಗೆ ಒಪ್ಪಿಸುತ್ತದೆ. ಮೂಲದ ನೆತ್ತಿಯ ಮೇಲೆ ‘@’ ಎಂಬ ಸುರುಳಿ ಚಿಹ್ನೆಯೊಂದನ್ನು ಇಟ್ಟು ಹೊದಿಕೆಯ ಹೆಸರು ಬರೆದರೆ ಆಯಿತು. ಕರೆಯದೆ ಒಪ್ಪಿಸುವುದು ಎಂದರೇನು ಎಂದು ಹುಲಿಗೆಮ್ಮ ಕೇಳಿದಳು. ದೀಪವನ್ನು ನೀನೇ ಹೊತ್ತಿಸಿ ಮುಗಿಸಿಬಿಡುವುದಲ್ಲ, ಹೊತ್ತಿಸಿಕೊಳ್ಳಲು ಅವನ ಕೈಗೆ ಕೊಡುವುದು ಎಂದಳು ವಾರಿಜಾ. ಅಷ್ಟು ಸಾಕಾಯಿತು.

ಮೂರನೆಯ ದಿನ ಹುಲಿಗೆಮ್ಮ ತಾನೇ ಒಂದು ಹೊದಿಕೆ ಬರೆಯುತ್ತೇನೆಂದಳು. ಅದರ ಕೆಲಸ ಒಂದೇ: ಒಳಗಿನವನನ್ನು ನಿಜವಾಗಿ ಎಷ್ಟು ಸಲ ಕೇಳಿದರು ಎಂದು ಎಣಿಸುವುದು. ಆರು ಸಾಲು ಬರೆದು ಮಾದರಿ ಯಂತ್ರದಲ್ಲಿ ಓಡಿಸಿದಾಗ ಎಣಿಕೆಯೇನೋ ಸರಿ ಬಂತು. ಆದರೆ ಯಂತ್ರ ಹೌದನ್ನೂ ಹೇಳಲಿಲ್ಲ, ಇಲ್ಲವನ್ನೂ ಹೇಳಲಿಲ್ಲ. ‘ಏನೂ ಇಲ್ಲ’ ಎಂದಿತು. ಅವಳು ಪರದೆಯನ್ನೇ ನೋಡುತ್ತ ಕೂತು, ಕೊನೆಗೆ ತನ್ನಷ್ಟಕ್ಕೆ ಹೇಳಿದಳು, “ಒಳಗಿನಾಂವ ಹೇಳಿದ್ದು ನನ್ನ ಕೈಯಾಗ ಉಳಕೊಂಡೈತಿ. ಹೊರಗ ಕೊಟ್ಟೇ ಇಲ್ಲ.” ಉತ್ತರ ಹಿಂದಿರುಗಿಸುವ ಸಾಲನ್ನು ಸೇರಿಸಿದಳು. ಹೊಸದಾಗಿ ಸೇರಿದ ಎಂಜಿನಿಯರುಗಳು ಇದೇ ತಪ್ಪನ್ನು ಹುಡುಕಲು ಅರ್ಧ ದಿನ ತೆಗೆದುಕೊಳ್ಳುತ್ತಾರೆ ಎಂದು ವಾರಿಜಾ ಹೇಳಿದಳು. ಅವರಿಗೆ ಬಿಲ್ಲೆ ಎಣಿಸುವ ಕೆಲಸ ಕೊಡಬೇಕು ಎಂದಳು ಹುಲಿಗೆಮ್ಮ. ಆ ಆರು ದಿನಗಳಲ್ಲಿ ಇಬ್ಬರೂ ನಕ್ಕದ್ದು ಅದೊಂದೇ ಸಲ. ನಕ್ಕ ತಕ್ಷಣ ಇಬ್ಬರಿಗೂ ಕಸಿವಿಸಿಯಾಯಿತು.

ಮುಂದಿನ ದಿನ ಎಣಿಕೆಯನ್ನು ಎಲ್ಲಿ ಹೊದಿಸಬೇಕು ಎಂಬ ಮಾತು ಬಂತು. ಹೊದಿಕೆಗಳ ಅನುಕ್ರಮ ಮುಖ್ಯ: ಮೂಲಕ್ಕೆ ಅಂಟಿದಂತೆ ಇರುವುದು ಮೊದಲ ಪದರ, ಆಮೇಲಿನದು ಅದರ ಮೇಲೆ. ಎಣಿಕೆ ಎಲ್ಲಕ್ಕಿಂತ ಹೊರಗಿದ್ದರೆ ಎಣಿಸುವುದು ಬಾಗಿಲಿಗೆ ಬಂದವರನ್ನು. ಮೂಲಕ್ಕೆ ತಾಗಿದ್ದರೆ ಎಣಿಸುವುದು ಒಳಗೆ ಇಳಿದವರನ್ನು. ಹುಲಿಗೆಮ್ಮ ಎರಡು ಕಡೆಯೂ ಒಂದೊಂದು ಹೊದಿಸಿದಳು. ಮಾದರಿ ಯಂತ್ರವನ್ನು ಒಂದು ತಾಸು ಓಡಿಸಿದರು. ಹೊರಗಿನ ಎಣಿಕೆ ಏಳುನೂರ ಇಪ್ಪತ್ತು. ಒಳಗಿನ ಎಣಿಕೆ ಒಂದು.

ಹುಲಿಗೆಮ್ಮ ಆ ಒಂದರ ಮೇಲೆ ಬೆರಳಿಟ್ಟಳು. ಅಂದು ಬಿಲ್ಲೆ ತೆಗೆದುಕೊಳ್ಳುವಾಗ ಅಮರೇಶ ಎದೆ ಯಾಕೋ ಭಾರ ಐತಿ, ಕೆಳಗ ಗಾಳಿ ಸರಿಯಿಲ್ಲೇನೋ ಅಂದಿದ್ದ ಎಂದು ಆಗಷ್ಟೇ ಹೇಳಿದಳು, ಯಾರಿಗೂ ಹೇಳಿರಲಿಲ್ಲ. ಹಸಿರು ಇದ್ದಾಗ ಇಳಿಯದಿದ್ದರೆ ಕೆಲಸ ನಿರಾಕರಿಸಿದಂತೆ ಎಂಬ ನಿಯಮವಿತ್ತು. “ಪೆಟಿಗಿ ಸುಳ್ಳು ಹೇಳೂದಿಲ್ಲ, ಹೋಗು ಅಂತ ನಾನ ಅಂದೆ,” ಎಂದಳು.

ವಿಚಾರಣಾಧಿಕಾರಿ ಕಂದಗಲ್ ಅವರು ಅಚ್ಚುಕಟ್ಟಿನ ಮನುಷ್ಯ. ಕನ್ನಡಕ ತೆಗೆದು ಒರೆಸಿ ಹಾಕಿಕೊಳ್ಳುವವರೆಗೆ ಮಾತಾಡುತ್ತಿರಲಿಲ್ಲ. ಆರನೆಯ ದಿನದ ವಿಚಾರಣೆಯಲ್ಲಿ ವಾರಿಜಾ ತನ್ನ ಸಹಿಯಿಂದಲೇ ಪ್ರಾರಂಭಿಸಿದಳು. ಗಣಿಯ ವ್ಯವಸ್ಥಾಪಕರು ಎದ್ದು, ಇದು ಆಕೆಯ ವೈಯಕ್ತಿಕ ಅಜಾಗರೂಕತೆ, ಪೆಟ್ಟಿಗೆಯದಲ್ಲ ಎಂದರು. ಆಕೆ ಹೇಳುತ್ತಿರುವುದೂ ಅದನ್ನೇ ಎಂದು ಕಂದಗಲ್ ವ್ಯವಸ್ಥಾಪಕರನ್ನು ಕೂರಿಸಿದರು. ಆಮೇಲೆ ಹುಲಿಗೆಮ್ಮನನ್ನು ಕರೆದು, ಈ ಎಣಿಕೆಯ ಹೊದಿಕೆಯನ್ನು ನೀವೇ ಬರೆದಿರಾ, ಬರೆದಿದ್ದರೆ ಪ್ರತಿ ಸಾಲೂ ಏನು ಮಾಡುತ್ತದೆ ಹೇಳಿ ಎಂದರು. ಅವಳು ಹೇಳಿದಳು. ಮೊದಲ ಸಲ ಎಡವಿದ್ದನ್ನೂ ಹೇಳಿದಳು.

ದಾಖಲೆಯ ‘ಹೌದು’ಗಳು ಬಿದ್ದುಹೋದ ಮೇಲೆ, ಪಕ್ಕಕ್ಕಿಟ್ಟಿದ್ದ ಇನ್ನೊಂದು ಸಾಕ್ಷ್ಯ ಎದ್ದು ನಿಂತಿತು. ಹಳೆಯ ಸುರಂಗದ ನೀರಿನ ಮಟ್ಟ ಅಳೆಯುವ ಕಂಬವೊಂದು ಅಂದು ಒಂಬತ್ತು ನಾಲ್ಕಕ್ಕೆ ನೀರು ಒಂದು ಗೇಣು ಕುಸಿದದ್ದನ್ನು ತೋರಿಸಿತ್ತು. ಆಗ ಗಾಳಿ ಚೆನ್ನಾಗಿತ್ತಲ್ಲ, ಆದ್ದರಿಂದ ಅಳತೆಗಂಬವೇ ಕೆಟ್ಟಿರಬೇಕು ಎಂದು ಬಿಟ್ಟಿದ್ದರು. ಈಗ ಎಲ್ಲ ಸರಿಹೊಂದಿತು. ನೀರಿನ ಭಾರಕ್ಕೆ ಹಲಗೆ ತಾನಾಗಿ ಮುರಿದದ್ದು ಒಂಬತ್ತು ನಾಲ್ಕಕ್ಕೆ. ಮೂವರು ಒಳಗೆ ಬಂದದ್ದು ಹದಿನಾರು ನಿಮಿಷದ ನಂತರ, ಸತ್ತಗಾಳಿ ಆಗಲೇ ಹರಡಿದ್ದ ಸುರಂಗಕ್ಕೆ. ಕಂದಗಲ್ ಲಕೋಟೆ ಒಡೆದು ಬಿಲ್ಲೆಯನ್ನು ಹುಲಿಗೆಮ್ಮನ ಕೈಗೆ ಕೊಟ್ಟರು.

ಮೂರು ಬಿಲ್ಲೆಗಳನ್ನೂ ಗುರುವಾರ ಬೆಳಿಗ್ಗೆ ಹಲಗೆಗೆ ಹೊಡೆದರು. ಬಿಯಾಮಾ ಬಂದು ಮಗನ ಬಿಲ್ಲೆ ಮುಟ್ಟಿ, ಪಕ್ಕದ ಮುನ್ನೂರ ಹದಿನೆಂಟನ್ನು ಸೆರಗಿನಿಂದ ಒರೆಸಿದಳು. ಸಂಜೆ ನಡುಗೋಡೆಯ ಮೇಲೆ ಒಂದು ಬಟ್ಟಲು ಇತ್ತು.

ಶುಕ್ರವಾರ ಇಲಾಖೆಯ ಆಜ್ಞೆ ಬಂತು. ವಾರಿಜಾಳನ್ನು ಕ್ರಮವಿಧಿಯ ಕೆಲಸದಿಂದ ತೆಗೆದು ಮೇಲಿನ ಕಾಗದಪತ್ರಗಳ ವಿಭಾಗಕ್ಕೆ ಹಾಕಿದ್ದರು. ಕಡತಗಳ ಪ್ರವೇಶಸಂಕೇತವನ್ನು ಕಿತ್ತುಕೊಂಡಿದ್ದರು. ಅದನ್ನು ಅವಳು ನಿರೀಕ್ಷಿಸಿದ್ದಳು, ಒಪ್ಪಿಕೊಂಡೂ ಇದ್ದಳು. ಮುಂದಿನ ಪರಿಚ್ಛೇದ ಹೀಗಿತ್ತು: ‘ಮೂಲಕ್ರಿಯೆಗೆ ಮಾತ್ರ ಮುದ್ರೆಯಿದ್ದು ಹೊದಿಕೆಗಳಿಗೆ ಇಲ್ಲದಿದ್ದುದೇ ಈ ದುರಂತಕ್ಕೆ ಕಾರಣವಾದ್ದರಿಂದ, ವಿಚಾರಣೆ ಮುಗಿದ ದಿನ ಯಂತ್ರಗಳಲ್ಲಿದ್ದ ಎಲ್ಲ ಹದಿನಾಲ್ಕು ಹೊದಿಕೆಗಳನ್ನೂ ಅವು ಇದ್ದ ಸ್ಥಿತಿಯಲ್ಲೇ ಮುದ್ರೆಯೊಳಗೆ ತರಲಾಗಿದೆ. ಇನ್ನು ಮುಂದೆ ಇಲಾಖೆಯ ಒಪ್ಪಿಗೆಯಿಲ್ಲದೆ ಒಂದು ಅಕ್ಷರವನ್ನೂ ಬದಲಿಸತಕ್ಕದ್ದಲ್ಲ.’

ಅವಳು ಅದನ್ನು ಎರಡು ಸಲ ಓದಿದಳು. ಲಗತ್ತಿಸಿದ್ದ ಮುದ್ರಿತ ಪ್ರತಿಯನ್ನು ತಿರುಗಿಸಿದಳು. ನೆನಪಿನ ಹೊದಿಕೆಯ ಆವರಣದಲ್ಲಿ ಮೂರು ಸಾವಿರದ ಆರುನೂರು, ಅದರ ಪಕ್ಕದಲ್ಲಿ ಇಲಾಖೆಯ ನೀಲಿ ಮುದ್ರೆ. ಹುಲಿಗೆಮ್ಮನ ಎಣಿಕೆ ಎಲ್ಲೂ ಇರಲಿಲ್ಲ; ಅದು ಇದ್ದದ್ದು ಮಾದರಿ ಯಂತ್ರದಲ್ಲಿ.

ಕಂದಗಲ್ ಅವರಿಗೆ ಫೋನ್ ಮಾಡಿದಳು. ಅವರು ಪೂರ್ತಿ ಕೇಳಿಸಿಕೊಂಡರು. ಹೊದಿಕೆಗೂ ಮುದ್ರೆ ಬೇಕೆಂದು ನಾನು ಬರೆದದ್ದು ಇನ್ನೊಬ್ಬ ವಾರಿಜಾ ಹಂಚಿನಾಳ ಓದದೆ ಸಹಿ ಹಾಕಬಾರದೆಂದು, ಎಂದರು. ಆಜ್ಞೆ ತಮ್ಮ ಕೈ ದಾಟಿ ಮೇಲೆ ಹೋಗಿದೆ. ತಿದ್ದುಪಡಿಗೆ ಅರ್ಜಿ ಹಾಕಬಹುದು, ಒಂದೂವರೆ ವರ್ಷ ಹಿಡಿಯುತ್ತದೆ. ಅಲ್ಲಿಯವರೆಗೆ ಗಣಿ ನಿಲ್ಲಿಸಿ ಎಂದಳು ವಾರಿಜಾ.

“ಯಾವ ಆಧಾರದ ಮೇಲೆ ನಿಲ್ಲಿಸಲಿ, ಮೇಡಂ?” ಅವರ ದನಿ ಸಣ್ಣದಾಗಿತ್ತು. “ನಿನ್ನೆಯವರೆಗೆ ಅದು ಮುದ್ರೆಯಿಲ್ಲದ ಯಂತ್ರ. ಇವತ್ತು ಅದಕ್ಕೆ ಮುದ್ರೆ ಇದೆ.”

ಸೋಮವಾರ ಬೆಳಿಗ್ಗೆ ಆರು ಗಂಟೆಯ ಪಾಳಿ ದೀಪದ ಕೋಣೆಯ ಮುಂದೆ ಸಾಲು ನಿಂತಿತ್ತು. ವಾರಿಜಾ ಆ ಸಾಲಿನ ಕೊನೆಯಲ್ಲಿ ನಿಂತಳು. ತಲೆಗೆ ಹಳದಿ ಟೋಪಿ, ಕಾಲಿಗೆ ಸಡಿಲವಾದ ಬೂಟು. ಎಂಜಿನಿಯರ್ ಎಂಬ ಹುದ್ದೆಯ ಹೆಸರನ್ನು ಯಾರೂ ಕಿತ್ತುಕೊಂಡಿರಲಿಲ್ಲ. ಇಳಿಯುವ ಹಕ್ಕು ಉಳಿದಿತ್ತು. ಅವಳ ಸರದಿ ಬಂದಾಗ ಹುಲಿಗೆಮ್ಮ ತಲೆಯೆತ್ತಿದಳು.

ವಾರಿಜಾ ಗೋಡೆಯ ಗಾಜಿನ ಕಪಾಟನ್ನು ತೋರಿಸಿದಳು. ಅದರಲ್ಲಿ ಹಿಂದಿನ ಕಾಲದ ಒಂದು ಎಣ್ಣೆದೀಪ ಇತ್ತು, ಜ್ವಾಲೆಯ ಸುತ್ತ ತಂತಿಬಲೆಯದು. ಸತ್ತಗಾಳಿಯಲ್ಲಿ ಅದರ ಜ್ವಾಲೆ ಮೊದಲು ಕುಗ್ಗುತ್ತದೆ, ಆಮೇಲೆ ಆರುತ್ತದೆ. ನೆನಪಿಟ್ಟುಕೊಂಡು ಉರಿಯುವುದು ಅದಕ್ಕೆ ಗೊತ್ತಿಲ್ಲ. ಹುಲಿಗೆಮ್ಮ ಅದನ್ನು ವರ್ಷಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದಳು. ಎಣ್ಣೆ ಹಾಕಿರಲಿಲ್ಲ. ಈಗ ಹಾಕಿದಳು, ಬತ್ತಿ ಎಳೆದು ಹೊತ್ತಿಸಿದಳು.

“ಹತ್ತೊಂಬತ್ತರ ಬಾಯಾಗ ನಿಲ್ತೀರೇನು?”

“ಹತ್ತೊಂಬತ್ತರಿಂದ ಇಪ್ಪತ್ಮೂರರ ತನಕ ಓಡಾಡ್ತೀನಿ. ಅಷ್ಟೇ ಆಗ್ತದ.”

“ಸುರಂಗ ಇಪ್ಪತ್ತಾರು ಅದಾವು. ಪಾಳಿ ಮೂರು.”

“ಗೊತ್ತದ.”

ಹಿಂದೆ ಯಾರೂ ಇರಲಿಲ್ಲ. ಇಳಿಬಾವಿಯ ಗಂಟೆ ಒಮ್ಮೆ ಬಾರಿಸಿತು. ಹುಲಿಗೆಮ್ಮ ಬಿಲ್ಲೆಗಳ ಡಬ್ಬಿಯಲ್ಲಿ ಹುಡುಕಿ, ಇನ್ನೂ ಯಾರ ಕೈಗೂ ಹೋಗದ, ಅಂಚು ಚೂಪಾಗಿಯೇ ಇದ್ದ ಒಂದು ಬಿಲ್ಲೆ ತೆಗೆದಳು. ನಾನೂರ ಏಳು. ಅದನ್ನು ಕೊಡುವ ಮುನ್ನ ಒಂದು ಗಳಿಗೆ ಅಂಗೈಯಲ್ಲೇ ಹಿಡಿದುಕೊಂಡಳು.

“ನಿಮ್ಮನ್ನ ಬೈಯೋದು ಇನ್ನೂ ಬಾಕಿ ಐತ್ರಿ,” ಎಂದಳು. “ಅದಕ್ಕಾದ್ರೂ ಮ್ಯಾಲೆ ಬರ್ರಿ.”

ವಾರಿಜಾ ಬಿಲ್ಲೆ ತೆಗೆದುಕೊಂಡು, ಕರಿಮರದ ಹಲಗೆಯ ಹತ್ತಿರ ನಿಂತು ಮುನ್ನೂರ ಹದಿನೆಂಟನ್ನು ಮುಟ್ಟಿ, ಉರಿಯುವ ದೀಪವನ್ನು ಎದೆಗೆ ಒತ್ತಿಕೊಂಡು ತೊಟ್ಟಿಲಿನಂತೆ ತೂಗುವ ಇಳಿಗೂಡನ್ನು ಹತ್ತಿದಳು. ಬಾಗಿಲು ಮುಚ್ಚಿತು.

ಹುಲಿಗೆಮ್ಮ ರಿಜಿಸ್ಟರಿನಲ್ಲಿ ಬರೆದಳು: ನಾನೂರ ಏಳು, ಇಳಿದದ್ದು ಆರು ಗಂಟೆ ಹನ್ನೆರಡು ನಿಮಿಷ. ಪಕ್ಕದ ಅಂಕಣದ ಮೇಲೆ ‘ಬಂದದ್ದು’ ಎಂದಿತ್ತು. ಹದಿನೆಂಟು ವರ್ಷಗಳಲ್ಲಿ ಮೊದಲ ಬಾರಿಗೆ ಅವಳು ರಿಜಿಸ್ಟರ್ ಮುಚ್ಚಲಿಲ್ಲ. ಪೆನ್ನನ್ನು ಆ ಖಾಲಿ ಜಾಗದ ಮೇಲಿಟ್ಟು, ಇಳಿಗೂಡಿನ ಹಗ್ಗ ಕೆಳಗೆ ಕೆಳಗೆ ಓಡುವುದನ್ನು ನೋಡುತ್ತ ಕೂತಳು.